ಕ್ಯಾನ್ಸರ್ ಗೆದ್ದವರನ್ನು ಕರೆಯುವ ಕ್ರಮ



ಕ್ಯಾನ್ಸರ್ ರೋಗದ ಚಿಕಿತ್ಸೆ ಮುಗಿಸಿ ಹತ್ತಿಪ್ಪತ್ತು ವರ್ಷ ಬದುಕಿರುವವರು ಅನಂತರದ ಆರೋಗ್ಯ ಸಂಶೋಧನೆಗೆ ಒದಗಿಬರುವುದಿಲ್ಲವೆಂದೂ, ಹಳ್ಳಿಗರಂತೂ ಆಸ್ಪತ್ರೆಯ ಹೊಸ್ತಿಲು ದಾಟಿದ ಮೇಲೆ ಆ ಕಡೆಗೆ ತಿರುಗಿಯೂ ನೋಡುವುದಿಲ್ಲವೆಂದೂ, ಇದಕ್ಕೆಲ್ಲ ಅವರ ಅಜ್ಞಾನವೇ ಮೂಲವೆಂದೂ ಆಗಾಗ ಕೇಳಿಬರುವ ಆಕ್ಷೇಪವನ್ನು ಈ ತೆಂಗಿನ ಸೀಮೆಯವನಾದ ನಾನು ಒಪ್ಪಲಾರೆ. ದೋಷವಿರುವುದು ಬಹುಮಟ್ಟಿಗೆ ಕರೆಯುವ ಕ್ರಮದಲ್ಲಿ.

ಸಂಶೋಧನೆಯ ಆವಶ್ಯಕತೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ರೋಗವನ್ನು ನಿರ್ಮೂಲಗೊಳಿಸಿದ ಔಷಧವೇ ವರ್ಷಗಳುರುಳಿದ ಮೇಲೆ ದೇಹದ ಬೇರೊಂದು ಅಂಗಕ್ಕೆ ಮುಳುವಾಗುವುದುಂಟು. ಡಾಕ್ಸೊರುಬಿಸಿನ್ ಎಂಬ ಮದ್ದು ಹೃದಯದ ಸ್ನಾಯುಗಳನ್ನು ದುರ್ಬಲಗೊಳಿಸಬಹುದು. ಎಲೆಯಡಿಕೆ, ಹೊಗೆಸೊಪ್ಪುಗಳ ಬಹುಕಾಲದ ಅಭ್ಯಾಸದಿಂದ ಬಾಯಿಯ ಕ್ಯಾನ್ಸರಿಗೆ ತುತ್ತಾಗಿ, ನಮ್ಮವರು ‘ಕರೆಂಟು ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ಕುತ್ತಿಗೆಗೆ ಪಡೆದವರಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯ ಶಕ್ತಿ ಮೆಲ್ಲನೆ ಕುಗ್ಗಿ, ಸದಾ ಆಯಾಸ, ಚಳಿ, ಮೈ ಊತ ಕಾಣಿಸಿಕೊಂಡರೂ, ವಯಸ್ಸಾಯಿತೆಂದು ಬಗೆದು ಅವರು ಸುಮ್ಮನಿದ್ದುಬಿಡುತ್ತಾರೆ. ಒಂದು ರಕ್ತಪರೀಕ್ಷೆಯಿಂದ ತಿಳಿದು ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುವ ತೊಂದರೆಯಿದು. ಅಮೆರಿಕದಲ್ಲಿ 1970ರಿಂದ 1986ರವರೆಗೆ ರೋಗ ಪತ್ತೆಯಾಗಿ, ಐದು ವರ್ಷ ಮೀರಿ ಬದುಕಿದ ಬಾಲರೋಗಿಗಳನ್ನು 1994ರಲ್ಲಿ ಮೊದಲಾದ ಅಧ್ಯಯನವೊಂದು ಅರಸಿ ಅರಸಿ ವಿಚಾರಿಸಿದುದರಿಂದಲೇ ಇಂಥ ಎಷ್ಟೋ ವಿಷಯಗಳು ಲೋಕಕ್ಕೆ ಖಚಿತವಾದವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯೂ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಆದರೆ ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರನ್ನು ಅರಸುವವರು ಯಾರು? 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹುಳಿಯಾರು, ಹಂದನಕೆರೆ, ಕಂದಿಕೆರೆಗಳಿಂದ ಬಸ್ಸೇರಿ ಹೋಗಿ ಜೀವ ಉಳಿಸಿಕೊಂಡು ಬಂದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಹಮ್ಮಿಕೊಂಡಾಗ ಮೊದಲ ಕೇಂದ್ರಗಳ ಸಾಲಿನಲ್ಲಿ ಬೆಂಗಳೂರೂ ಇದ್ದಿತೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಆ ಜನಾಧಾರಿತ ಲೆಕ್ಕ ನಗರದ ನಿವಾಸಿಗಳದು, ನಮ್ಮ ಸೀಮೆಯವರದಲ್ಲ. ಆದರೂ ಆ ನೋಂದಣಿಯ ಸಿಬ್ಬಂದಿ ಮಾಹಿತಿ ತಾನಾಗಿ ಬರಲೆಂದು ಕಾದು ಕುಳಿತವರಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ತಾವೇ ನಡೆದು ಕಡತಗಳನ್ನು ಬಿಡಿಸಿ ನೋಡಿದವರು. ಆ ಶ್ರದ್ಧೆ ಬದುಕಿ ಉಳಿದವರನ್ನು ಹುಡುಕುವ ಕಾರ್ಯದಲ್ಲಿ ಏಕೆ ಕಾಣದು?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಎರಡು ದಶಕಗಳ ಹಿಂದೆ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ನನ್ನ ತಂಗಿಗೆ, ಹೆಸರು ಬೇಡದ ಆಸ್ಪತ್ರೆಯೊಂದರಿಂದ ಇಂಗ್ಲಿಷಿನಲ್ಲಿ ಬರೆದ ಕಾಗದ ಬಂದಿತು. ಹೊದಿಕೆಯ ಮೇಲೆಯೇ ಕ್ಯಾನ್ಸರ್ ಎಂಬುದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಓದಿಸಿಕೊಳ್ಳಲೆಂದು ಅಂಗಡಿಗೆ ಒಯ್ದರೆ ಅಲ್ಲಿದ್ದವರೆಲ್ಲ ಕೇಳಿದರು. ಅವಳ ಮಗಳಿಗೆ ಸಂಬಂಧ ಕೂಡಿಬರುತ್ತಿದ್ದ ಸಮಯವದು. ಬೀಗರಾಗಬೇಕಾದವರು ಮತ್ತೆ ಬರಲಿಲ್ಲ. ಇಷ್ಟಕ್ಕೂ ಆ ಕಾಗದ ಕೇಳಿದ್ದೇನೆಂದರೆ, ಬೆಳಿಗ್ಗೆ ಎಂಟು ಗಂಟೆಗೆ ಬರಿಹೊಟ್ಟೆಯಲ್ಲಿ ಬೆಂಗಳೂರಿಗೆ ಬಂದು ರಕ್ತ ಕೊಡಬೇಕೆಂದು! ಇಲ್ಲಿಂದ ಸುಮಾರು 130 ಕಿಲೋಮೀಟರ್ ದೂರದ ಊರಿಗೆ ಅಷ್ಟು ಹೊತ್ತಿಗೆ ಉಪವಾಸ ತಲುಪಬೇಕಾದರೆ ನಡುರಾತ್ರಿ ಹೊರಡಬೇಕು. ಅವಳು ಹೋಗಲಿಲ್ಲ. ಕಡತದಲ್ಲಿ ‘ಸಹಕರಿಸಲಿಲ್ಲ’ ಎಂದು ಬರೆದುಕೊಂಡಿರಲೂಬಹುದು.

ಹೀಗೆ ಕರೆದಾಗ ಹೋಗಬಲ್ಲವರು ಯಾರು? ನಗರವಾಸಿಗಳು, ಇಂಗ್ಲಿಷ್ ಬಲ್ಲವರು, ಒಂದು ದಿನದ ಕೂಲಿ ತಪ್ಪಿದರೂ ನಡೆಯುವವರು. ಬಾವಿಯ ಪಕ್ಕದ ನಾಲ್ಕು ಮರಗಳ ಕಾಯಿ ಎಣಿಸಿ ಇಡೀ ತೋಟದ ಇಳುವರಿಯನ್ನು ಸಾರಿದಂತೆ, ಅವರ ದೇಹಸ್ಥಿತಿಯೇ ಕನ್ನಡನಾಡಿನ ಸಮಸ್ತ ರೋಗವಿಮುಕ್ತರ ಸ್ಥಿತಿಯೆಂದು ಪ್ರಬಂಧಗಳಲ್ಲಿ ಪ್ರಕಟವಾಗುತ್ತದೆ.

ಸಂಶೋಧನೆಗೆ ಒಳಪಡುವವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕೆಂದೂ, ಪ್ರಯಾಣದ ವೆಚ್ಚ ಮತ್ತು ತಪ್ಪಿದ ಕೂಲಿಯನ್ನು ತುಂಬಿಕೊಡಬಹುದೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದೇ 2017ರ ನೈತಿಕ ಮಾರ್ಗಸೂಚಿಯಲ್ಲಿ ಹೇಳಿದೆ. ಹೊಸ ಕಾನೂನೇನೂ ಬೇಕಾಗಿಲ್ಲ. ಹೊದಿಕೆಯ ಮೇಲೆ ರೋಗದ ಹೆಸರಿಲ್ಲದ ಕನ್ನಡ ಕಾಗದ ಬರಲಿ. ತಿಂಗಳಿಗೊಮ್ಮೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತ ತೆಗೆದುಕೊಳ್ಳುವ ಏರ್ಪಾಡಾಗಲಿ. ಎಲ್ಲಕ್ಕೂ ಮಿಗಿಲಾಗಿ, ಪರೀಕ್ಷೆಯಲ್ಲಿ ಕಂಡುದನ್ನು ರಕ್ತ ಕೊಟ್ಟವರಿಗೆ ತಿಳಿಸಲಿ. ಕೊಟ್ಟ ರಕ್ತ ಏನಾಯಿತೆಂದು ತಿಳಿಯದವರು ಎರಡನೆಯ ಸಲ ಏತಕ್ಕೆ ಬಂದಾರು?

ಓದುಗರಲ್ಲಿಯೂ ಒಂದು ಬಿನ್ನಹವುಂಟು. ಯಾವ ಮದ್ದು ಎಷ್ಟು ಸಲ, ಎಷ್ಟು ಪ್ರಮಾಣದ ಕರೆಂಟು ಎಂಬ ವಿವರವಿಲ್ಲದಿದ್ದರೆ ಮುಂದೆ ಪರೀಕ್ಷಿಸುವ ವೈದ್ಯರಿಗೆ ಏನನ್ನು ಹುಡುಕಬೇಕೆಂಬುದೇ ತೋಚದು. ಆದುದರಿಂದ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಹಳೆಯ ಆಸ್ಪತ್ರೆ ಚೀಟಿಗಳನ್ನು ದಯವಿಟ್ಟು ಒಲೆಗೆ ಹಾಕಬೇಡಿ.


ನಿವೃತ್ತ ಉಪಾಧ್ಯಾಯ, ಚಿಕ್ಕನಾಯಕನಹಳ್ಳಿ