ಚೈತ್ರದ ಬಿಸಿಲು, ಮಳೆಗಾಲದ ಕೌದಿ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಈ ದಿನಗಳಲ್ಲಿ ಮಲೆನಾಡಿನ ಮನೆಗಳ ಅಂಗಳ ಬರಿದಾಗಿರುವುದು ಅಪರೂಪ. ಅಡಿಕೆ ಒಣಗಿ ಒಳಗೆ ಸೇರಿದ ಮೇಲೆ ಅದೇ ಜಾಗಕ್ಕೆ ಹಲಸಿನ ಹಪ್ಪಳದ ಚಾಪೆಗಳು ಬರುತ್ತವೆ. ಅಪ್ಪೆಮಿಡಿಯ ಸೊನೆಯ ಕಂಪು ಅಡುಗೆಮನೆಯಿಂದ ಜಗಲಿಯವರೆಗೆ ಹರಡಿರುತ್ತದೆ. ಬೆಟ್ಟದಂಚಿನಲ್ಲಿ ಮುತ್ತುಗದ ಕೊನೆಯ ಕೆಂಪು, ಸುರಗಿಯ ಮರದಲ್ಲಿ ಜೇನ್ನೊಣಗಳ ಮೊರೆತ, ಬೆಳಗಿನಿಂದ ಬೈಗಿನವರೆಗೆ ಕುಟುರ ಹಕ್ಕಿಯ ಬಿಡದ ಕೂಗು. ಇವೆಲ್ಲದರ ನಡುವೆ ಚಪ್ಪರದ ನೆರಳಿನಲ್ಲಿ ಹಳೆಯ ಸೀರೆಯೊಂದು ನಾಲ್ಕು ಮೂಲೆಗೂ ಕಲ್ಲು ಹೇರಿಸಿಕೊಂಡು ಹಾಸಿ ಬಿದ್ದಿದ್ದರೆ, ಆ ಮನೆಯಲ್ಲಿ ಕೌದಿ ಹೊಲಿಯುವ ಕೆಲಸ ಆರಂಭವಾಗಿದೆಯೆಂದು ತಿಳಿಯಬಹುದು.

ವಸಂತದಲ್ಲಿ ಕೌದಿಗೆ ಕೈಹಾಕುವುದರ ಹಿಂದೆ ಸರಳವಾದ ವಿವೇಕವಿದೆ. ಹಳೆಯ ಬಟ್ಟೆಗಳನ್ನು ಒಗೆದು, ಗರಿಗರಿಯಾಗಿ ಒಣಗಿಸಿ, ಹರಡಿಕೊಂಡು ಕೂರಲು ಬಿಸಿಲು ಬೇಕು, ಬೆಳಕು ಬೇಕು, ಒಣ ನೆಲ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಘಟ್ಟದ ಮನೆಗಳಿಗೆ ಈ ಮೂರೂ ದುರ್ಲಭ. ಮಳೆಗಾಲಕ್ಕೆಂದು ಸೌದೆ ಕೂಡಿಡುವಂತೆ, ಉಪ್ಪಿನಕಾಯಿಯ ಭರಣಿ ತುಂಬುವಂತೆ, ಬೆಚ್ಚನೆಯ ಹೊದಿಕೆಯನ್ನೂ ಬಿಸಿಲಿನಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಮಲೆನಾಡಿನ ಗೃಹಕೃತ್ಯದ ಲೆಕ್ಕಾಚಾರ.

ಕೌದಿಗೆ ಹೊಸ ಬಟ್ಟೆ ಬೇಕಿಲ್ಲ. ಸವೆದ ಸೀರೆ ತಳವಾಗುತ್ತದೆ. ಹರಿದ ಪಂಚೆ, ಮಕ್ಕಳಿಗೆ ಗಿಡ್ಡವಾದ ಅಂಗಿ, ತೋಳು ಹಿಸಿದ ರವಿಕೆ ಒಡಲಾಗುತ್ತವೆ. ಗುಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ, ಹೊಲಿಗೆಯ ಗೆರೆಯಲ್ಲಿ ಬಟ್ಟೆಯನ್ನು ಬಿಡಿಸಿ, ಗಟ್ಟಿಯಿರುವ ಭಾಗವನ್ನಷ್ಟೇ ಆರಿಸಿಕೊಳ್ಳಬೇಕು. ತುಂಡುಗಳ ಅಂಚನ್ನು ಒಳಕ್ಕೆ ಮಡಚಿ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಹೊಲಿಯಬೇಕು. ಹೊಲಿಗೆ ಒತ್ತಾಗಿದ್ದಷ್ಟೂ ಕೌದಿಯ ಆಯುಷ್ಯ ಹೆಚ್ಚು. ಅಜ್ಜಿಯ ಸೀರೆಯ ಸೆರಗು, ಮೊಮ್ಮಗನ ಶಾಲೆಯ ಅಂಗಿ ಒಂದೇ ಹೊದಿಕೆಯಲ್ಲಿ ಅಕ್ಕಪಕ್ಕ ಕೂರುತ್ತವೆ. ಮನೆಯ ಚರಿತ್ರೆಯನ್ನು ಬರೆದಿಡುವವರಿಲ್ಲದ ಮನೆಗಳಲ್ಲಿ ಆ ಕೆಲಸವನ್ನು ಕೌದಿಯೇ ಮಾಡಿದೆ.

ಈ ವಿದ್ಯೆಯ ಅತ್ಯುತ್ತಮ ಗುರುಗಳು ದೂರದಲ್ಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬಾಳುವ ಸಿದ್ದಿ ಮಹಿಳೆಯರ ‘ಕವಂದಿ’ ಇಂದು ದೇಶವಿದೇಶಗಳ ಕಲಾಸಕ್ತರ ಗಮನ ಸೆಳೆದಿದೆ. ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಚೂರುಗಳನ್ನು ಮಡಚಿ ಕೂರಿಸಿದ ‘ಫುಲ’ ಎಂಬ ಹೂವು ಬಂದ ಮೇಲಷ್ಟೇ ಕವಂದಿ ಪೂರ್ಣವಾಯಿತೆಂದು ಅವರ ಭಾವನೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಈ ಸಂತತಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಏನೂ ಇಲ್ಲದಿದ್ದಾಗಲೂ ಚಿಂದಿಯಲ್ಲಿ ಹೂವರಳಿಸಿದ ಜನ ಅವರು.

ಪರಿಸರ ಪತ್ರಿಕೆಗೂ ಕೌದಿಗೂ ಏನು ಸಂಬಂಧವೆಂದು ಕೇಳುವವರು ಎರಡು ಘಟನೆಗಳನ್ನು ನೆನೆಯಬೇಕು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ನಾಡಿಗೆ ಮೂರು ಪದಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ನಾಲ್ಕು ವರ್ಷಗಳ ಬಳಿಕ, 1987ರ ನವೆಂಬರ್‌ನಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಜನ ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಆ ನೀಲಗಿರಿ ಯಾವುದಕ್ಕಾಗಿ ಬೆಳೆಯುತ್ತಿತ್ತು? ರೇಯಾನ್ ನೂಲಿಗೆ ಬೇಕಾದ ಮರದ ತಿರುಳಿಗಾಗಿ. ಅಂದರೆ ಬಟ್ಟೆಗಾಗಿ. ದನ ಮೇಯುವ ಗೋಮಾಳವನ್ನು ಅಂದು ನುಂಗಲು ಬಂದದ್ದು ಎಲ್ಲಿಯೋ ಯಾರೋ ಉಡಲಿದ್ದ ಅಂಗಿ. ಜನರ ಹೋರಾಟದ ಮುಂದೆ ಸರ್ಕಾರ ಆ ಯೋಜನೆಯಿಂದ ಹಿಂದೆ ಸರಿಯಬೇಕಾಯಿತು. ಆದರೆ ಉಡುವ ಬಟ್ಟೆಯ ಹಿಂದೆ ಯಾರದೋ ನೆಲ, ಯಾರದೋ ನೀರು ಇದೆಯೆಂಬ ಪಾಠವನ್ನು ನಾಡು ಬೇಗನೆ ಮರೆಯಿತು.

ಒಂದು ಹತ್ತಿಯ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂಬುದು ಜಾಗತಿಕ ಅಂದಾಜು. ಪಾಲಿಯೆಸ್ಟರ್ ಹುಟ್ಟುವುದು ಪೆಟ್ರೋಲಿಯಂನಿಂದ. ಒಗೆದಾಗಲೆಲ್ಲ ಅದರಿಂದ ಕಳಚುವ ಕಣ್ಣಿಗೆ ಕಾಣದ ಎಳೆಗಳು ನೀರನ್ನು ಸೇರುತ್ತವೆ. ಹಿಂದೆ ಹಳ್ಳಿಯ ಮನೆಯಲ್ಲಿ ಹಳೆಯ ಬಟ್ಟೆಯೆಂಬ ಕಸವೇ ಇರಲಿಲ್ಲ. ಕೌದಿಯಾಗಿ ಸವೆದದ್ದು ಕಾಲೊರಸಾಗಿ, ಕೊನೆಗೆ ಒಲೆಯೊರಸುವ ಚಿಂದಿಯಾಗಿ ಮಣ್ಣು ಸೇರುತ್ತಿತ್ತು. ಇಂದು ಸಂತೆಯಲ್ಲಿ ಅಗ್ಗದ ಹೊದಿಕೆ ಸಿಗುತ್ತದೆ. ಎರಡು ಮಳೆಗಾಲಕ್ಕೆ ಅದು ಉಂಡೆಗಟ್ಟಿ ಹೊರಬೀಳುತ್ತದೆ. ಮಣ್ಣಾಗದ ಆ ಬಟ್ಟೆ ಹಿತ್ತಿಲಲ್ಲಿ ಸುಡುವ ಕಪ್ಪು ಹೊಗೆಯಾಗಿ ಅಥವಾ ಹಳ್ಳದ ಬಂಡೆಗೆ ಸುತ್ತಿಕೊಂಡ ಚಿಂದಿಯಾಗಿ ಊರಿನಲ್ಲೇ ಉಳಿಯುತ್ತದೆ. ಬಡವರು ಅಗ್ಗದ್ದನ್ನು ಕೊಂಡರೆಂದು ದೂರುವುದು ನ್ಯಾಯವಲ್ಲ. ಆದರೆ ಉಳಿಸುವ, ಬೆಳೆಸುವ ಮಾತು ಸಭೆಗಳಲ್ಲಿ ಮೊಳಗುವಾಗ ‘ಬಳಸು’ ಎಂಬ ಮೂರನೆಯ ಪದ ಸದ್ದಿಲ್ಲದೆ ಹಿಂದೆ ಸರಿದಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಹಿತಮಿತವಾಗಿ ಬಳಸುವುದನ್ನು ಮನೆಯೇ ಕಲಿಸಬೇಕು.

ಕೌದಿಯನ್ನು ಹೊಗಳುವ ಭರದಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಆ ಒತ್ತುಹೊಲಿಗೆಯ ಹಿಂದೆ ಹೆಣ್ಣಿನ ಕಣ್ಣು, ಬೆನ್ನು, ಬಿಡುವಿನ ಹೊತ್ತು ಸವೆದಿವೆ. ಹಪ್ಪಳ, ಉಪ್ಪಿನಕಾಯಿ, ಕೊಟ್ಟಿಗೆ, ಸೊಪ್ಪಿನ ಹೊರೆಗಳ ಮೇಲೆ ಇನ್ನೊಂದು ಹೊರೆಯಾಗಿ ಕೌದಿಯನ್ನು ಅವಳ ತಲೆಗೇ ಏರಿಸಿ, ಅದನ್ನು ಪರಿಸರಪ್ರೇಮವೆಂದು ಕರೆದರೆ ಅದು ಅನ್ಯಾಯ. ಸೂಜಿಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಪೇಟೆಯ ದರ್ಜಿಯಂಗಡಿಯಲ್ಲಿ ಗಂಡಸಿನ ಕೈಗೆ ಒಗ್ಗುವ ಸೂಜಿ ಮನೆಯ ಅಂಗಳದಲ್ಲಿ ಒಗ್ಗದಿರಲು ಕಾರಣವಿಲ್ಲ. ಹಾಗೆಯೇ, ಸಿದ್ದಿ ಅಥವಾ ಬೇರಾವುದೇ ಸಮುದಾಯದ ಮಹಿಳೆಯರಿಂದ ಕೌದಿ ಕೊಳ್ಳುವವರು ಅದರಲ್ಲಿ ಹೋದ ದಿನಗಳನ್ನು ಎಣಿಸಿ ಬೆಲೆ ಕೊಡಬೇಕೇ ಹೊರತು, ಹಳೆಯ ಬಟ್ಟೆಯೆಂದು ಚೌಕಾಸಿಗೆ ಇಳಿಯಬಾರದು.

ಈ ವಸಂತದಲ್ಲಿ ಪ್ರತಿ ಊರಿನಲ್ಲಿಯೂ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪರೀಕ್ಷೆ ಮುಗಿಸಿ ಮನೆಗೆ ಬಂದ ವಿದ್ಯಾರ್ಥಿಗಳು ಮನೆಯ ಹಳೆಯ ಬಟ್ಟೆಗಳನ್ನು ಹೊರತೆಗೆದು ಎರಡು ಪಾಲು ಮಾಡಲಿ: ಹತ್ತಿ ಒಂದು ಕಡೆ, ಪಾಲಿಯೆಸ್ಟರ್ ಇನ್ನೊಂದು ಕಡೆ. ಬೆವರು ಹೀರುವ ಹತ್ತಿ ಕೌದಿಯ ಎರಡೂ ಮುಖಗಳಿಗಿರಲಿ. ಈಗಾಗಲೇ ಮನೆ ಸೇರಿರುವ ಪಾಲಿಯೆಸ್ಟರ್ ನಡುವಿನ ಪದರವಾಗಲಿ. ಬೆಂಕಿಗೆ, ಹಳ್ಳಕ್ಕೆ ಬೀಳುವುದಕ್ಕಿಂತ ಅಲ್ಲಿ ಇನ್ನೂ ಹತ್ತಾರು ಮಳೆಗಾಲ ಅದು ಬೆಚ್ಚಗಿಡಬಲ್ಲದು. ಹೊಲಿಗೆ ಬಲ್ಲ ಅಜ್ಜಿಯೊಬ್ಬರ ಸುತ್ತ ನಾಲ್ಕು ಮನೆಯವರು ಕೂತರೆ, ಒಬ್ಬರಿಗೆ ವಾರಗಟ್ಟಲೆ ಹಿಡಿಯುವ ಕೆಲಸ ಹಂಚಿಹೋಗುತ್ತದೆ. ಅಜ್ಜಿಗೆ ಸೂಜಿಯ ಕಣ್ಣು ಕಾಣದಿದ್ದರೆ ದಾರ ಪೋಣಿಸಿಕೊಡಲು ಮಕ್ಕಳ ಕಣ್ಣುಗಳಿವೆ. ನಡುನಡುವೆ ಮಜ್ಜಿಗೆ, ಮಿಡಿ ಉಪ್ಪಿನಕಾಯಿಯ ರುಚಿ ನೋಡುವ ನೆಪ, ಊರಿನ ಸುದ್ದಿ, ನಗು. ಕಾಸಿಲ್ಲದೆ ಸಿಗುವ ಈ ಸುಖಗಳಿಗೆ ಮಾರುಕಟ್ಟೆ ಇನ್ನೂ ಬೆಲೆಚೀಟಿ ಅಂಟಿಸಿಲ್ಲ.

ಒಂದು ಕೌದಿಯಿಂದ ಕಾಡು ಉಳಿಯುವುದಿಲ್ಲ, ನಿಜ. ಆದರೆ ಹರಿದದ್ದನ್ನು ಬಿಸಾಡದೆ ಜೋಡಿಸಲು ಕಲಿತ ಮಗು ಮುಂದೊಂದು ದಿನ ಬೆಟ್ಟದ ಒಡಲು ಹರಿಯುವುದನ್ನು ನೋಡಿ ಸುಮ್ಮನೆ ಕೂರಲಾರದು. ಚೈತ್ರದ ಅಂಗಳದಲ್ಲಿ ಹಾಕಿದ ಹೊಲಿಗೆಯ ಬೆಲೆ ತಿಳಿಯುವುದು ಆಷಾಢದ ರಾತ್ರಿಯಲ್ಲಿ, ಹಂಚಿನ ಮೇಲೆ ಮಳೆ ಬೋರ್ಗರೆಯುವಾಗ, ಅಜ್ಜಿಯ ಸೀರೆಯ ಅಂಚು ಕೆನ್ನೆಗೆ ತಾಗಿದಾಗ.