ಜೋಡಿ ಬಿತ್ತು ಅಂತ ಕಣ್ಮುಚ್ಚಿ ಹೊಡೀಬೇಡಿ

‘ಬಟನ್‌ನಲ್ಲಿದ್ದೀಯ, ಫ್ಲಾಪಲ್ಲಿ ಜೋಡಿ ಬಿದ್ದಿದೆ, ಕಣ್ಮುಚ್ಚಿ ಹೊಡಿ ಮಗಾ!’

ಜೀವನ್ ಬಿಮಾ ನಗರದ ನಮ್ಮ ಶನಿವಾರದ ಪೋಕರ್ ಮೇಜಿನಲ್ಲಿ ಇದು ವೇದವಾಕ್ಯ. (ಜೀವವಿಮೆಯ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಕೂತು ಇಸ್ಪೀಟ್ ಆಡುವ ತಮಾಷೆ ಬೇರೆ.) ಕೋಡ್ ರಿವ್ಯೂನಲ್ಲಿ ಒಂದೊಂದು ಸಾಲಿಗೂ ‘ಇದು ಯಾಕೆ?’ ಅಂತ ಪ್ರಾಣ ತಿನ್ನುವ ಇಂಜಿನಿಯರ್‌ಗಳು, ಈ ಮಾತನ್ನು ಮಾತ್ರ ಯಾಕೆ ಅಂತ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಬಟನ್ ಅಂದರೆ ಫ್ಲಾಪ್ ಆದಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗ. ಅಲ್ಲಿ ಎಕ್ಕ-ಗುಲಾಮ ಹಿಡಿದು 500ಕ್ಕೆ ಏರಿಸಿದೆ. ಬಿಗ್ ಬ್ಲೈಂಡ್‌ನವನೊಬ್ಬ ಕಾಲ್ ಮಾಡಿದ. ಫ್ಲಾಪ್ 7-7-6, ಪಾಟಲ್ಲಿ 1,100. ನಾನು 800 ಹೊಡೆದೆ, ಕಾಲ್. ಟರ್ನಲ್ಲಿ 2,000, ಕಾಲ್. ರಿವರಲ್ಲಿ 5,000. ಅದಕ್ಕೂ ಕಾಲ್ ಮಾಡಿ, ನಗುತ್ತಾ 8-7 ತೋರಿಸಿದ. ಒಟ್ಟು 8,300 ರೂಪಾಯಿ ಹೋಯಿತು. ಊರಲ್ಲಿ ಅಪ್ಪನ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದು. ‘ವೇರಿಯನ್ಸ್ ಗುರೂ’ ಅಂದರು ಗೆಳೆಯರು. ಅಲ್ಲ ಸ್ವಾಮಿ, ದಡ್ಡತನ.

ಲೆಕ್ಕ ನೋಡಿ. ಮೂರೂ ಬೇರೆ ಬೇರೆ ಎಲೆ ಬಿದ್ದ ಫ್ಲಾಪಿಗೆ ಕೂಡಿಕೊಳ್ಳುವ ಎಲೆಗಳು ಒಂಬತ್ತು. ಜೋಡಿ ಬಿದ್ದಾಗ ಐದೇ. ಅವು ನನ್ನ ಕೈಯಲ್ಲಿಲ್ಲದಿದ್ದರೆ, ಯಾವುದೋ ಎರಡೆಲೆ ಹಿಡಿದವನಿಗೆ ಫ್ಲಾಪ್ ತಗಲುವ ಸಾಧ್ಯತೆ ಸುಮಾರು ಶೇ. 35ರಿಂದ ಶೇ. 20ಕ್ಕೆ ಇಳಿಯುತ್ತದೆ. ‘ಹೊಡಿ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಪಾಟಿನ ಮೂರನೇ ಒಂದು ಭಾಗ ಹೊಡೆದರೆ, ನಾಲ್ಕರಲ್ಲಿ ಒಂದು ಸಲ ಅವನು ಫೋಲ್ಡ್ ಮಾಡಿದರೂ ಬಂಡವಾಳಕ್ಕೆ ಮೋಸವಿಲ್ಲ. ರಾಜ-ರಾಜ-4 ಬಿದ್ದಾಗ ಇದು ಸೊಗಸಾಗಿ ನಡೆಯುತ್ತದೆ, ಯಾಕಂದ್ರೆ ದೊಡ್ಡ ಎಲೆಗಳು ಏರಿಸಿದವನ ಹತ್ತಿರವೇ ಜಾಸ್ತಿ.

ಆದರೆ ಬ್ಲೈಂಡಲ್ಲಿ ಕೂತವನು ಯಾವುದೋ ಎರಡೆಲೆಯವನಲ್ಲ. ಎಲೆ ನೋಡುವ ಮೊದಲೇ 200 ಕಟ್ಟಿರುತ್ತಾನೆ, ಹಾಗಾಗಿ 8-7, 7-6, 5-4 ತರದ್ದನ್ನೂ ಬಿಡದೆ ಕಾಲ್ ಮಾಡುತ್ತಾನೆ. 7-7-6 ಅವನ ಹೊಲ, ನನ್ನದಲ್ಲ. ಅಲ್ಲಿ ಸುಮ್ಮನೆ ಚೆಕ್ ಮಾಡಿ ಮುಂದಿನ ಎಲೆಯನ್ನು ಪುಕ್ಕಟೆ ನೋಡುವುದೇ ಕೊನೆಗೆ ಆಡುವವನ ಲಾಭ. ಮೂರನೆಯವನೂ ಆಟದಲ್ಲಿದ್ದರೆ ಇನ್ನೂ ಹುಷಾರು. ಒಮ್ಮೆ ಕಾಲ್ ಬಂದಮೇಲಂತೂ ಆ ಶೇ. 20 ಸತ್ತ ಲೆಕ್ಕ. ಅದನ್ನೇ ನಂಬಿ ಇನ್ನೆರಡು ಸಲ ಹೊಡೆದೆನಲ್ಲ, ಅದಕ್ಕೆ ಏನನ್ನಬೇಕು?

ಇಷ್ಟು ಹೇಳಿದರೆ, ‘ಪೋಕರ್ ಕೌಶಲದ ಆಟ, 2013ರಲ್ಲಿ ಕರ್ನಾಟಕ ಹೈಕೋರ್ಟೇ ಹೇಳಿದೆ’ ಅಂತ ಎದೆ ಉಬ್ಬಿಸುತ್ತಾರೆ. ಕೌಶಲದ ಆಟವಾಗಿ ಆಡಿದರೆ ಅನ್ನುವ ಷರತ್ತು ಆ ಆದೇಶದಲ್ಲೇ ಇದೆ, ಓದಿ. ದುಡ್ಡಿಟ್ಟು ಆನ್‌ಲೈನಲ್ಲಿ ಆಡುವ ಆಟಗಳನ್ನು 2025ರಲ್ಲಿ ಕೇಂದ್ರ ನಿಷೇಧಿಸಿದಾಗ, ಕೌಶಲಕ್ಕೂ ಅದೃಷ್ಟಕ್ಕೂ ವ್ಯತ್ಯಾಸವೇ ಇಲ್ಲವಾ ಅಂತ ನಾವೆಲ್ಲ ಕೂಗಾಡಿದೆವು. ನಮ್ಮ ಮೇಜಲ್ಲಿ ಆ ವ್ಯತ್ಯಾಸ ಎಲ್ಲಿತ್ತು?

ನಮ್ಮೂರಲ್ಲಿ ಯುಗಾದಿಗೆ ಅಂದರ್ ಬಾಹರ್ ಆಡುವವರು ಯಾರೂ ಅದನ್ನು ಕೌಶಲ ಅನ್ನಲ್ಲ. ಪೊಲೀಸ್ ಜೀಪು ಕಂಡರೆ ಹೊಲ ಬಿದ್ದು ಓಡ್ತಾರೆ, ಅಷ್ಟೇ.

ಭಾನುವಾರ ಅಪ್ಪ ಫೋನ್ ಮಾಡಿದ್ರು. ‘ಮೋಟ್ರು ದುಡ್ಡು ಹಾಕಿದ್ಯೇನಪ್ಪಾ?’ ವೇರಿಯನ್ಸ್ ಅನ್ನೋದಕ್ಕೆ ಅವರಿಗೆ ಅರ್ಥವಾಗುವ ಪದ ನನಗೆ ಸಿಗಲಿಲ್ಲ.