ಅಳೆಯುವ ಮುನ್ನ ಅಳತೆಗೋಲನ್ನು ಅಳೆಯಿರಿ

ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಕೊಳೆರೋಗದ ಭಯ. ಅದರ ಹಿಂದೆಯೇ ಬೋರ್ಡೋ ದ್ರಾವಣದ ಸಿಂಪಡಣೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 20ನೆಯ ಶತಮಾನದ ಆರಂಭದಲ್ಲಿ ರೂಢಿಗೆ ತಂದ ಮದ್ದು ಇದು. ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು. ಇವುಗಳನ್ನು ಕೂಡಿಸಿದ ಮೇಲೆ ತೋಟದವರು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ಕೆಂಪು ಲೇಪ ಕುಳಿತರೆ ಬಿಡಿ ತಾಮ್ರ ಇನ್ನೂ ಉಳಿದಿದೆಯೆಂದು ಅರ್ಥ. ಮತ್ತಷ್ಟು ಸುಣ್ಣ ಬೇಕು. ಈ ಪರೀಕ್ಷೆ ಯಾವ ಸಂಖ್ಯೆಯನ್ನೂ ಹೇಳುವುದಿಲ್ಲ. ಹೇಳಿದಂತೆ ನಟಿಸುವುದೂ ಇಲ್ಲ. ಅದರ ಪ್ರಾಮಾಣಿಕತೆ ಇರುವುದು ಅಲ್ಲಿಯೇ.

ಅದೇ ತಾಮ್ರವನ್ನು ನಗರದ ಮನೆಗಳಲ್ಲಿ ಮೀನು ಸಾಕುವವರೂ ಬಳಸುತ್ತಾರೆ. ಆದರೆ ಅವರ ಕೈಯಲ್ಲಿರುವುದು ಕತ್ತಿಯಲ್ಲ, ಸಂಖ್ಯೆಯನ್ನು ಹೇಳುವ ಬಣ್ಣದ ಪರೀಕ್ಷೆ. ಸಂಖ್ಯೆಯನ್ನು ಕಂಡೊಡನೆ ನಾವು ಅದನ್ನು ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ನಾನು ನನ್ನ ಮನೆಯಲ್ಲಿಯೇ ಕಲಿತೆ.

ಕಡಲ ಮೀನುಗಳಿಗೆ ಬರುವ ಬಿಳಿಚುಕ್ಕೆ ರೋಗಕ್ಕೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶ ಜೀವಿ. ಮೀನಿನ ಚರ್ಮದೊಳಗೆ ಅಡಗಿರುವಾಗ ಅದಕ್ಕೆ ಮದ್ದು ತಾಗುವುದಿಲ್ಲ. ನೀರಿನಲ್ಲಿ ಈಜಾಡುವ ಅಲ್ಪಕಾಲದಲ್ಲಿ ಮಾತ್ರ ತಾಮ್ರ ಅದನ್ನು ಕೊಲ್ಲುತ್ತದೆ. ಆದುದರಿಂದ ರೋಗಿ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಿ, ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಬಿಡಿ ತಾಮ್ರವನ್ನು ಕೆಲವು ವಾರಗಳ ಕಾಲ ಬಿಡದೆ ಉಳಿಸಿಕೊಳ್ಳಬೇಕು. ಕಡಿಮೆಯಾದರೆ ರೋಗ ಉಳಿಯುತ್ತದೆ; ಹೆಚ್ಚಾದರೆ ಮೀನಿನ ಕಿವಿರು ಕೆಡುತ್ತದೆ. ನಾನು ದಿನಕ್ಕೆರಡು ಬಾರಿ ಪರೀಕ್ಷಿಸಿ, 0.18ರ ಆಸುಪಾಸಿನಲ್ಲಿ ಬಣ್ಣವನ್ನು ನಿಲ್ಲಿಸಿದ್ದೆ. ನಾಲ್ಕನೆಯ ದಿನ ಮೂರು ಮೀನುಗಳೂ ಸತ್ತವು. ಆಮೇಲೆ ಕಾಲೇಜಿನಲ್ಲಿ 0.20 ಮಿಲಿಗ್ರಾಮಿನ ದ್ರಾವಣವನ್ನು ತಯಾರಿಸಿ ಅದೇ ಕಾರಕದಿಂದ ನೋಡಿದಾಗ ಬಂದ ಉತ್ತರ 0.10. ಹಿಂದಿನ ಮಳೆಗಾಲದಲ್ಲಿ ತೆರೆದು, ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಇಟ್ಟಿದ್ದ ಸೀಸೆ ಅದು. ಮದ್ದು ಎರಡರಷ್ಟಾಗಿತ್ತು. ತಪ್ಪು ನನ್ನದೇ, ಆ ಪರೀಕ್ಷೆಯನ್ನು ಮೊದಲೇ ಮಾಡಬಹುದಿತ್ತು.

ಬಣ್ಣದ ಪರೀಕ್ಷೆ ನಿಜವಾಗಿ ಅಳೆಯುವುದೇನನ್ನು? ತಾಮ್ರವನ್ನಲ್ಲ, ಬೆಳಕನ್ನು. ಕಾರಕವು ತಾಮ್ರದೊಡನೆ ಕೂಡಿ ಬಣ್ಣದ ವಸ್ತುವಾಗುತ್ತದೆ. ಅದು ಎಷ್ಟು ಬೆಳಕನ್ನು ನುಂಗಿತೆಂಬುದರಿಂದ ತಾಮ್ರದ ಪ್ರಮಾಣವನ್ನು ಊಹಿಸುತ್ತೇವೆ. 1729ರಲ್ಲಿ ಬೂಗೇ, 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಬೇರ್ ಹಂತಹಂತವಾಗಿ ಕಂಡುಕೊಂಡ ನಿಯಮ ಇದು. ನಿಯಮ ನಿರ್ದೋಷವಾದದ್ದೇ. ಆದರೆ ಬೆಳಕನ್ನು ತಡೆಯುವುದೆಲ್ಲವೂ ಉಪಕರಣದ ಕಣ್ಣಿಗೆ ತಾಮ್ರವೇ. ಗಾಜಿನ ಮೇಲಿನ ಬೆರಳಚ್ಚು, ಒಳಗೆ ಅಂಟಿದ ಗುಳ್ಳೆ, ಮೀನಿನ ಆಹಾರದ ಧೂಳು, ಒಣಗಿದ ಎಲೆ ನೀರಿಗೆ ಬಿಟ್ಟ ಕಂದು ಬಣ್ಣ, ಇವೆಲ್ಲ ಸಂಖ್ಯೆಯನ್ನು ಹಿಗ್ಗಿಸುತ್ತವೆ. ಬಣ್ಣದ ಪಟ್ಟಿಯೊಡನೆ ಕಣ್ಣಿನಿಂದಲೇ ಹೋಲಿಸುವವರಿಗೆ ದೀಪದ ಬಣ್ಣವೂ ಮೋಸ ಮಾಡುತ್ತದೆ. ಜುಲೈ ತಿಂಗಳ ಮಂಗಳೂರಿನ ಮೋಡದ ಬೆಳಕೂ ಅಡುಗೆಮನೆಯ ಹಳದಿ ದೀಪವೂ ಒಂದೇ ಅಲ್ಲ. ಪುಡಿಯ ರೂಪದ ಕಾರಕವು ನಮ್ಮ ಕರಾವಳಿಯ ತೇವವನ್ನು ಹೀರಿಕೊಂಡು ಕೆಡುವುದೂ ಉಂಟು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ, ಯಾವ ತಾಮ್ರವನ್ನು ಅಳೆಯುತ್ತಿದ್ದೇವೆಂಬುದು. ಕೆಲವು ಮದ್ದುಗಳಲ್ಲಿ ತಾಮ್ರ ಬಿಡಿಯಾಗಿರುತ್ತದೆ. ಕೆಲವುಗಳಲ್ಲಿ ಸಾವಯವ ಅಣುಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಎರಡನೆಯ ಬಗೆಗೆ ಹೇಳುವ ಪ್ರಮಾಣ ಮೊದಲನೆಯದರ ಹಲವು ಪಟ್ಟು. ಬಿಡಿ ತಾಮ್ರವನ್ನು ಮಾತ್ರ ಕಾಣಬಲ್ಲ ಕಾರಕದಿಂದ ಹಿಡಿದಿಟ್ಟ ತಾಮ್ರವನ್ನು ಅಳೆಯಹೊರಟರೆ ಸಂಖ್ಯೆ ಅರ್ಥಹೀನ. ತೊಟ್ಟಿಯಲ್ಲಿ ಹವಳದ ಮರಳೋ ಚಿಪ್ಪೋ ಇದ್ದರೆ ಅದು ತಾಮ್ರವನ್ನು ಹೀರಿ, ಬೆಳಗಿನ ಲೆಕ್ಕವನ್ನು ಸಂಜೆಗೆ ಸುಳ್ಳಾಗಿಸುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದರೂ ಪರಿಹಾರ ಸರಳ. ಗೊತ್ತಿಲ್ಲದ ನೀರನ್ನು ಅಳೆಯುವ ಮೊದಲು ಗೊತ್ತಿರುವ ಎರಡು ನೀರುಗಳನ್ನು ಅಳೆಯಬೇಕು. ಮೊದಲನೆಯದು ತಾಮ್ರವಿಲ್ಲದ ನೀರು: ಬಟ್ಟಿಯಿಳಿಸಿದ ನೀರು, ಕಡಲ ಮೀನಿನವರಿಗೆ ಅದರಲ್ಲಿ ಹೊಸದಾಗಿ ಕಲಸಿದ ಉಪ್ಪುನೀರು. ಇದು ಸೊನ್ನೆಯನ್ನು ತೋರಬೇಕು. ಎರಡನೆಯದು ಪ್ರಮಾಣ ಗೊತ್ತಿರುವ ದ್ರಾವಣ. ಶುದ್ಧ ಮೈಲುತುತ್ತಿನ ಹರಳಿನಲ್ಲಿ ತೂಕದ ಶೇಕಡ 25.5ರಷ್ಟು ತಾಮ್ರವಿದೆ. 0.393 ಗ್ರಾಂ ಹರಳನ್ನು ಒಂದು ಲೀಟರು ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ. ಅದರ 2 ಮಿಲಿಲೀಟರನ್ನು ಒಂದು ಲೀಟರಿಗೆ ಹಿಗ್ಗಿಸಿದರೆ 0.20 ಮಿಲಿಗ್ರಾಂ. ಇದೇ 2 ಮಿಲಿಲೀಟರನ್ನು ಬೇರೆಯಾಗಿ ತೆಗೆದ ಒಂದು ಲೀಟರು ತೊಟ್ಟಿಯ ನೀರಿಗೆ ಬೆರೆಸಿದರೆ ಉತ್ತರವು ಮೊದಲಿಗಿಂತ 0.20ರಷ್ಟು ಏರಬೇಕು. ಏರದಿದ್ದರೆ ಆ ನೀರಿನಲ್ಲಿರುವ ಏನೋ ಒಂದು ಪರೀಕ್ಷೆಗೆ ಅಡ್ಡಬರುತ್ತಿದೆ. ಮೈಲುತುತ್ತು ವಿಷ, ಹರಳನ್ನು ತೂಗುವ ಕೆಲಸ ಪ್ರಯೋಗಶಾಲೆಯಲ್ಲಿಯೇ ಆಗಲಿ, ಸೀಸೆ ಮಕ್ಕಳ ಕೈಗೆ ಸಿಗದಿರಲಿ.

ಉಪಕರಣದ ಮೇಲೆ ಬರೆದಿರುವ ಅನಿಶ್ಚಿತತೆಯನ್ನೂ ಓದಬೇಕು. ಅದು 0.05 ಎಂದಿದ್ದರೆ, 0.15ರಿಂದ 0.20ರವರೆಗಿನ ಕಿಂಡಿಯ ಅಗಲವೂ ಅಷ್ಟೇ ಎಂಬುದನ್ನು ನೆನೆಯಿರಿ. ಅಂತಹ ಉಪಕರಣದ ಒಂದೇ ಉತ್ತರವನ್ನು ನೆಚ್ಚಿ ಮದ್ದನ್ನು ಸುರಿಯುವುದು, ಬೆರಳಿನ ಗೇಣಿನಿಂದ ಕೂದಲಿನ ದಪ್ಪವನ್ನು ಅಳೆದಂತೆ.

ಸಿಹಿನೀರಿನ ಮೀನು ಸಾಕುವವರು ಇನ್ನೊಂದು ಮಾತನ್ನು ಗಮನಿಸಬೇಕು. ಮಂಗಳೂರಿಗೆ ತುಂಬೆಯಿಂದ ಬರುವುದು ನೇತ್ರಾವತಿಯ ನೀರು. ಘಟ್ಟದಿಂದಿಳಿಯುವ ನದಿಗಳ ನೀರು ಸಾಮಾನ್ಯವಾಗಿ ಮೃದು; ಮೃದುವಾದ ನೀರಿನಲ್ಲಿ ತಾಮ್ರದ ವಿಷ ಹೆಚ್ಚು ತೀಕ್ಷ್ಣ. ಒಂದೇ ಸಂಖ್ಯೆ ಗಡಸು ನೀರಿನಲ್ಲಿ ಮದ್ದಾದರೆ ಇಲ್ಲಿ ಮರಣವಾಗಬಹುದು. ಭಾರತೀಯ ಮಾನಕ ಸಂಸ್ಥೆಯ 2012ರ ನಿರ್ದೇಶದಂತೆ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಾಗ 1.5ರವರೆಗೆ ಒಪ್ಪಬಹುದು. ನಾವು ಕುಡಿದು ಜೀರ್ಣಿಸಿಕೊಳ್ಳುವ ಆ ಪ್ರಮಾಣ ತೊಟ್ಟಿಯ ಸಿಗಡಿಯನ್ನೂ ಬಸವನಹುಳುವನ್ನೂ ಕೊಲ್ಲಬಲ್ಲದು. ರಾತ್ರಿಯಿಡೀ ತಾಮ್ರದ ಕೊಡದಲ್ಲಿಟ್ಟ ನೀರನ್ನು ತೊಟ್ಟಿಗೆ ಸುರಿಯದಿರುವುದು ಲೇಸು.

ಹವ್ಯಾಸಕ್ಕೆ ಇಷ್ಟೊಂದು ಶ್ರಮವೇಕೆ ಎಂದು ಕೇಳುವವರುಂಟು. ಗಾಜಿನ ಗೋಡೆಯೊಳಗೆ ನಾವೇ ತಂದಿರಿಸಿದ ಜೀವಕ್ಕೆ ನಮ್ಮ ಅಳತೆಯಲ್ಲದೆ ಬೇರೆ ರಕ್ಷಣೆಯಿಲ್ಲ. ಅಷ್ಟೇ ಕಾರಣ ಸಾಕು. ಮೇಲಾಗಿ, ಇಂದು ಮನೆಮನೆಯಲ್ಲಿಯೂ ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಅಳೆಯುವ ಯಂತ್ರಗಳಿವೆ. ಮೀನಿನ ತೊಟ್ಟಿಯ ಮುಂದೆ ಕಲಿತ ಎಚ್ಚರ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಆದುದರಿಂದ ನನ್ನ ಸೂಚನೆ ಎರಡು. ತಾಮ್ರದ ಪರೀಕ್ಷೆಯನ್ನು ಮಾರುವವರು ಪ್ರಮಾಣ ಗೊತ್ತಿರುವ ದ್ರಾವಣದ ಒಂದು ಚಿಕ್ಕ ಸೀಸೆಯನ್ನೂ ಜೊತೆಗೇ ಕೊಡಲಿ. ಅದರ ವೆಚ್ಚ ಅಲ್ಪ. ಎರಡನೆಯದಾಗಿ, ನಮ್ಮ ನಗರದ ಕಾಲೇಜುಗಳು ತಿಂಗಳಿಗೊಂದು ದಿನ ಪ್ರಯೋಗಶಾಲೆಯ ಬಾಗಿಲನ್ನು ಸಾರ್ವಜನಿಕರಿಗೆ ತೆರೆದು, ಅವರು ತಂದ ಉಪಕರಣಗಳನ್ನು ಪರೀಕ್ಷಿಸಿ ಕೊಡಲಿ. 1969ರಲ್ಲಿಯೇ ಮೀನುಗಾರಿಕಾ ಕಾಲೇಜನ್ನು ಪಡೆದ ಊರಿಗೆ ಇದು ಭಾರವಾಗಲಾರದು. ವಿದ್ಯಾರ್ಥಿಗಳಿಗೂ ಪಠ್ಯದ ನಿಯಮವೊಂದು ಜೀವ ಉಳಿಸುವುದನ್ನು ಕಾಣುವ ಅವಕಾಶವಾದೀತು.

ತೋಟದವನು ಕತ್ತಿಯನ್ನು ಉಜ್ಜಿಯೇ ಅದ್ದುತ್ತಾನೆ. ಮಸಿ ಹಿಡಿದ ಅಲಗು ಸುಳ್ಳು ಹೇಳೀತೆಂದು ಅವನಿಗೆ ಗೊತ್ತು. ಅಷ್ಟು ಎಚ್ಚರ ನಮಗೂ ಇರಲಿ.